ಸೀಟಿ ಹೊಡೆದವನ ಪಕ್ಕದ ಕುರ್ಚಿ

ತಿಂಗಳ ಕೊನೆಯ ಶನಿವಾರ ನಾನೂ ನನ್ನ ಗೆಳೆಯನೂ ಕಲಬುರಗಿಯಲ್ಲಿ ಸಿನೆಮಾ ನೋಡುತ್ತೇವೆ. ನಾನು ನಿಂಬರ್ಗಾದಿಂದ ಬಸ್ಸು ಹತ್ತುತ್ತೇನೆ, ಅವನು ಅಫಜಲಪುರದ ಕಡೆಯಿಂದ ಬರುತ್ತಾನೆ. ಮೊದಲು ಸುಸಲಾ, ಮಿರ್ಚಿ ಭಜಿ, ಆಮೇಲೆ ಟಾಕೀಜು. ಫೆಲೋಶಿಪ್ ದುಡ್ಡು ಬಂದ ತಿಂಗಳು ಟಿಕೆಟ್ ನನ್ನದು, ಬಾರದ ತಿಂಗಳು (ಅವೇ ಹೆಚ್ಚು) ಅವನದು. ಇಬ್ಬರಿಗೂ ಇಷ್ಟ ರೌಡಿಗಳ ಕಥೆ. ಪ್ರೇಮಕಥೆಗೆ ಹೋಗಿ ಅರ್ಧಕ್ಕೆ ಎದ್ದು ಬಂದದ್ದಿದೆ. ಮಚ್ಚು ಲಾಂಗಿನ ಸಿನೆಮಾದಿಂದ ಎದ್ದು ಬಂದದ್ದಿಲ್ಲ. ಒಂದು ಸಲ ಬಿಟ್ಟು.

2021ರ ನವೆಂಬರ್. ರಾಜ್ ಬಿ. ಶೆಟ್ಟಿ ನಿರ್ದೇಶಿಸಿದ ‘ಗರುಡ ಗಮನ ವೃಷಭ ವಾಹನ’ ಬಂದಿತ್ತು. ಮಂಗಳೂರಿನ ಮಂಗಳಾದೇವಿಯ ಸುತ್ತ ನಡೆಯುವ, ಹರಿ ಮತ್ತು ಶಿವ ಎಂಬ ಇಬ್ಬರು ಗೆಳೆಯರ ಕಥೆ. ಶಿವನ ಕ್ರೌರ್ಯಕ್ಕೆ ‘ಸೋಜುಗಾದ ಸೂಜುಮಲ್ಲಿಗೆ’ ಹಾಡು ಬೆರೆತು, ಅವನು ಹುಲಿವೇಷದ ಹೆಜ್ಜೆ ಹಾಕುತ್ತಾನಲ್ಲ, ಅಲ್ಲಿ ನಾನು ಸೀಟಿ ಹೊಡೆದೆ. ಮೈಯೆಲ್ಲ ಜುಮ್ಮೆಂದಿತ್ತು. ಪಕ್ಕಕ್ಕೆ ತಿರುಗಿದರೆ ಕುರ್ಚಿ ಖಾಲಿ.

ಮಧ್ಯಂತರದಲ್ಲಿ ಹೊರಗೆ ಹೋದೆ. ಅವನು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದ. ‘ಯಾಕಲೇ, ಏನಾತು?’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ‘ನಮ್ಮ ಕಾಕಾಗ ಹೊಡದಾಗ ಯಾವ ಹಾಡೂ ಇರ್ಲಿಲ್ಲ ದೋಸ್ತ.’

ಅವನ ಕಾಕಾ ತೊಗರಿ ಹೊಲದ ಬದುವಿನ ಜಗಳದಲ್ಲಿ ಸತ್ತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತಾರು ಸಿನೆಮಾ ಅವನ ಜೊತೆ ಕೂತು ನೋಡಿದ್ದೆ. ಒಮ್ಮೆಯೂ ಅದು ನೆನಪಾಗಿರಲಿಲ್ಲ.

ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳ ಹತ್ತಿರ ಇಂಥ ಹೊತ್ತಿಗೆ ಸಿದ್ಧ ಉತ್ತರಗಳಿರುತ್ತವೆ. ಅರಿಸ್ಟಾಟಲ್ ಹೇಳಿದಂತೆ ಕರುಣೆ, ಭಯಗಳು ಮನಸ್ಸನ್ನು ತಿಳಿಗೊಳಿಸುತ್ತವೆ ಎನ್ನಬಹುದು. ಆದರೆ ಸೀಟಿ ಹೊಡೆಯುವಾಗ ನನ್ನಲ್ಲಿ ಕರುಣೆ ಇರಲಿಲ್ಲ, ಭಯವೂ ಇರಲಿಲ್ಲ. ಕೊನೆಗೆ ಹರಿಯ ಕೈಯಿಂದಲೇ ಶಿವ ಸಾಯುತ್ತಾನೆ, ಹಿಂಸೆಯ ದಾರಿ ಎಲ್ಲಿ ಮುಟ್ಟುತ್ತದೆಂದು ಸಿನೆಮಾ ತೋರಿಸಿದೆ ಎಂದೂ ಸಮರ್ಥಿಸಬಹುದು. ನಾನು ಟಿಕೆಟ್ ಕೊಂಡದ್ದು ಆ ಪಾಠಕ್ಕಲ್ಲ. ಕೊನೆಯ ಹತ್ತು ನಿಮಿಷದ ನೀತಿಯಿಂದ ಮೊದಲ ಎರಡು ತಾಸಿನ ಖುಷಿಯ ಸಾಲ ತೀರುವುದಿಲ್ಲ.

ಹೆಚ್ಚು ಕಾಡಿದ್ದು ನಮ್ಮದೇ ಕಾವ್ಯಮೀಮಾಂಸೆ. ಭಟ್ಟನಾಯಕನ ಸಾಧಾರಣೀಕರಣದ ಪ್ರಕಾರ ರಂಗದ ಮೇಲಿನ ಭಾವ ನನ್ನದೂ ಅಲ್ಲ, ಅವನದೂ ಅಲ್ಲ. ಎಲ್ಲರದೂ ಆದಾಗಲೇ ರಸ. ಅಭಿನವಗುಪ್ತ ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲಿ ಸಿಕ್ಕಿಬೀಳುವುದು. ಈ ಲೆಕ್ಕದಲ್ಲಿ ಅಂದು ನಾನು ಒಳ್ಳೆಯ ಪ್ರೇಕ್ಷಕ, ನನ್ನ ಗೆಳೆಯ ಕೆಟ್ಟವನು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ, ಆದರೆ ‘ವಿಘ್ನ’ ಎಂಬ ಮಾತಿನ ಹಿಂದೆ ಒಬ್ಬ ಮನುಷ್ಯ ಹೊರಗೆ ನಿಂತು ಚಹಾ ಕುಡಿಯುತ್ತಿರಬಹುದು ಎಂದು ಹೊಳೆದಿರಲಿಲ್ಲ. ಆ ಸಭಾಂಗಣದಲ್ಲಿ ಸತ್ತವನನ್ನು ಸತ್ತವನೆಂದೇ ನೋಡಿದವನು ಬಹುಶಃ ಅವನೊಬ್ಬನೇ.

ನಾನು ಪರಕೀಯನಾಗಿದ್ದೆನೆಂದೇ ನನಗೆ ರಸ ದಕ್ಕಿತೇ? ಈ ಪ್ರಶ್ನೆ ಬಂದದ್ದಕ್ಕೆ ಕಾರಣ ಹಳೆಯದು. 2012ರಲ್ಲಿ ಓಂ ಪ್ರಕಾಶ್ ರಾವ್ ನಿರ್ದೇಶನದ, ದುನಿಯಾ ವಿಜಯ್ ನಟಿಸಿದ ‘ಭೀಮಾ ತೀರದಲ್ಲಿ’ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಚಂದಪ್ಪ ಹರಿಜನನ ಕಥೆ ಎಂದು ಊರೆಲ್ಲ ಸುದ್ದಿ. ನಮ್ಮ ಸೀಮೆ ಪರದೆ ಮೇಲೆ ಬಂತಲ್ಲ ಎಂದು ನಾವು ಹುಡುಗರು ಹಿಗ್ಗಿದ್ದೆವು. ಅದರ ಬಡ್ಡಿ ಕಟ್ಟಿದ್ದು ಮುಂದೆ. ದಕ್ಷಿಣದ ಒಂದು ಊರಿಗೆ ವಿಚಾರಸಂಕಿರಣಕ್ಕೆ ಹೋಗಿದ್ದಾಗ ಊಟದ ಸಾಲಿನಲ್ಲಿ ಒಬ್ಬರು, ‘ಓ, ಭೀಮಾ ತೀರದವರಾ? ನಿಮ್ಮ ಕಡೆ ಮನೆಮನೆಯಲ್ಲೂ ಕಂಟ್ರಿ ಪಿಸ್ತೂಲು ಇರುತ್ತಂತಲ್ಲ!’ ಎಂದರು. ಕುಹಕವಿರಲಿಲ್ಲ, ಅವರ ಮುಖ ಅರಳಿತ್ತು. ಅವರಿಗೆ ಭೀಮೆ ಎಂದರೆ ಗಾಣಗಾಪುರದ ಸಂಗಮವಲ್ಲ, ಬೇಸಿಗೆಯಲ್ಲಿ ಒಣಗುವ ನಮ್ಮ ನದಿಯೂ ಅಲ್ಲ. ಗುಂಡಿನ ಸದ್ದು, ಅಷ್ಟೇ. ನಾನು ನಕ್ಕು ಸುಮ್ಮನಾದೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಟಾಕೀಜಿನಲ್ಲಿ ನನ್ನ ಮುಖವೂ ಹಾಗೇ ಅರಳಿರಬೇಕು. ಮಂಗಳಾದೇವಿಯ ಬೀದಿಯಲ್ಲಿ ಮೀನು, ಹೂವು ಮಾರುವವರೂ, ಮಕ್ಕಳನ್ನು ಶಾಲೆಗೆ ಕಳಿಸುವವರೂ ಇದ್ದಾರೆಂಬುದು ನನಗೆ ಬೇಕಿರಲಿಲ್ಲ.

ಹಾಗೆಂದು ಆ ಸಿನೆಮಾ ಕೆಟ್ಟದ್ದೆನ್ನಲಾರೆ. ಎರಡನೆಯ ಸಲ ಒಬ್ಬನೇ ನೋಡಿದೆ. ಆ ಕುಣಿತದಲ್ಲಿ ಮತ್ತೆ ಜುಮ್ಮೆಂದಿತು. ಈ ಸಲ ಸೀಟಿ ಹೊಡೆಯಲಿಲ್ಲ. ಅದು ತಿಳಿವಳಿಕೆಯೋ, ಪಕ್ಕದಲ್ಲಿ ಯಾರೂ ಇಲ್ಲದ್ದಕ್ಕೋ ಹೇಳುವುದು ಕಷ್ಟ.

ಮುಂದಿನ ತಿಂಗಳು ಸಿನೆಮಾ ಆರಿಸಿದವನು ಗೆಳೆಯನೇ. ಅದೂ ರೌಡಿಗಳದೇ. ‘ಬ್ಯಾಡ ಬಿಡಲೇ, ಬ್ಯಾರೇದು ನೋಡೋಣು’ ಅಂದೆ. ‘ನನಗೂ ಛಲೋ ಅನಸ್ತದ, ಏನ್ ಮಾಡ್ಲಿ?’ ಎಂದ. ಟಿಕೆಟ್ ಕೌಂಟರಿನಲ್ಲಿ ಮಾತ್ರ ಬಾಗಿಲ ಪಕ್ಕದ ಕುರ್ಚಿ ಕೇಳಿ ತಗೊಂಡ. ನಾನು ಅದರ ಪಕ್ಕದ್ದು ತಗೊಂಡೆ.