ಸುಮಾರು ಅಂತ ಬರೆಯೋಕೆ ಜಾಗ ಎಲ್ಲಿದೆ?

ದುಂಡಸಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ಅದರಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಕಳೆದ ಬೇಸಿಗೆ ರಜೆಯಲ್ಲಿ ಸ್ಕ್ಯಾನ್ ಮಾಡಿದೆ. ನೂರೆಂಬತ್ತು ಫೋಟೋ. ಗೆದ್ದಲು ತಿನ್ನುವ ಮೊದಲು ಉಳಿಸಿಕೊಂಡೆ ಅಂತ ಖುಷಿಪಟ್ಟೆ. ಆಮೇಲೆ ನೋಡಿದರೆ ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಒಂದೇ ವಾರದ ತಾರೀಖು! ನಾನು ಹುಟ್ಟುವ ಮೊದಲೇ ತೀರಿಕೊಂಡ ಮುತ್ತಜ್ಜ ಕಳೆದ ಮೇ ತಿಂಗಳಲ್ಲಿ ಫೋಟೋಕ್ಕೆ ನಿಂತಿದ್ದ.

ಪ್ರತಿ ಡಿಜಿಟಲ್ ಫೋಟೋದ ಹೊಟ್ಟೆಯೊಳಗೆ ಒಂದು ಸಣ್ಣ ಚೀಟಿ ಇರುತ್ತದೆ. ಯಾವಾಗ ತೆಗೆದದ್ದು, ಯಾವ ಕ್ಯಾಮೆರಾ, ಎಲ್ಲಿ ಅಂತೆಲ್ಲ. ಇದಕ್ಕೆ ಎಕ್ಸಿಫ್ ಅಂತಾರೆ, 1995ರಲ್ಲಿ ಜಪಾನಿನವರು ಮಾಡಿದ ನಿಯಮ. ಅದರಲ್ಲಿ ತಾರೀಖಿಗೇ ಮೂರು ಮನೆಗಳಿವೆ. ಫೋಟೋ ತೆಗೆದದ್ದು ಯಾವಾಗ, ಡಿಜಿಟಲ್ ಆದದ್ದು ಯಾವಾಗ, ಕೊನೆಗೆ ತಿದ್ದಿದ್ದು ಯಾವಾಗ. ಸ್ಕ್ಯಾನ್ ಮಾಡಿದ ದಿನ ಎರಡನೆಯ ಮನೆಗೆ ಸೇರಬೇಕು. ಮೊದಲನೆಯದನ್ನು ನಾವು ತುಂಬಬೇಕು.

ತುಂಬೋಕೆ ಕೂತೆ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ನೂರು ಫೋಟೋ ಒಟ್ಟಿಗೆ ಆರಿಸಿ, ತಾರೀಖು ಒತ್ತಿದರೆ ಮುಗೀತು. ಮೊದಲು ಒಂದೊಂದಾಗಿ ತಿದ್ದಬೇಕಿತ್ತು. ಸುಧಾರಣೆ ಅಂದ್ರೆ ಇದೇ ಅಂದುಕೊಂಡೆ. ಪಕ್ಕದಲ್ಲಿ ಕಾಕಾ ಕೂತಿದ್ದರು. ನಮ್ಮ ಅತ್ತೆಯ ಮದುವೆಯ ಫೋಟೋಗಳು ಬಂದಾಗ ‘ಇದು ಎಪ್ಪತ್ನಾಲ್ಕರಾಗ’ ಅಂದರು. ಆ ಕಿಟಕಿ ಬರೀ ವರ್ಷವನ್ನು ಒಪ್ಪಲಿಲ್ಲ. ದಿನ, ತಿಂಗಳು, ಗಂಟೆ ಎಲ್ಲ ಬೇಕು ಅಂತು. ಸುಮ್ಮನೆ ಜನವರಿ 1, 1974 ಅಂತ ಹಾಕಿ ಮುಂದೆ ಹೋದೆ.

ಎರಡು ತಿಂಗಳ ಮೇಲೆ ಕಾಕಾ ಫೋನ್ ಮಾಡಿದರು. ಹಿತ್ತಲ ಗೋಡೆಯ ಸಲುವಾಗಿ ಪಕ್ಕದ ಮನೆಯವರ ಜೊತೆ ತಕರಾರು ನಡೆದಿತ್ತು. 1975ರಲ್ಲಿ ಹಿರಿಯರು ಒಂದು ಕಾಗದ ಮಾಡಿಕೊಂಡಿದ್ದರು. ಗೋಡೆ ಅದಕ್ಕಿಂತ ಮೊದಲಿನದೋ ಆಮೇಲಿನದೋ ಅನ್ನೋದೇ ಜಗಳ. ಅತ್ತೆಯ ಮದುವೆ ಫೋಟೋದಲ್ಲಿ ಎಲ್ಲರೂ ನಿಂತಿರೋದು ಅದೇ ಗೋಡೆಯ ಮುಂದೆ. ನಾನು ಕಳಿಸಿದ್ದ ಫೈಲಿನ ವಿವರವನ್ನು ಪ್ರಿಂಟ್ ತೆಗೆಸಿ ಶಿಗ್ಗಾವಿಯ ವಕೀಲರಿಗೆ ಕೊಟ್ಟಿದ್ದರು.

‘ಕಾಕಾ, ಅದು ನೀವು ಹೇಳಿದ್ದು, ನಾ ಹಾಕಿದ್ದು’ ಅಂದೆ.

‘ಈಗ ನಾ ಹೇಳೂದಲ್ಲಪಾ, ಕಂಪ್ಯೂಟರ್ ಹೇಳ್ತೈತಿ’ ಅಂದರು.

ಆ ಪ್ರಿಂಟಿನಲ್ಲಿ ಇದ್ದದ್ದು 1974:01:01 00:00:00. ಅಂದ್ರೆ ನಟ್ಟನಡು ರಾತ್ರಿ. ಫೋಟೋದಲ್ಲಿ ನೋಡಿದರೆ ಎಲ್ಲರ ನೆರಳು ಕಾಲ ಬುಡದಲ್ಲೇ ಇದೆ, ಬೀಗರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ.

ಅವ್ವನನ್ನು ಕೇಳಿದೆ. ‘ಎಪ್ಪತ್ತಾರು ಇರಬೇಕು. ಬರಗಾಲ ಮುಗದು ಮೂರ್ನಾಕು ವರ್ಷ ಆಗಿತ್ತು. ಸುಮಾರು ಹೇಳ್ತೀನಿ ಮತ್ತ, ಗಟ್ಟಿ ಅಲ್ಲ’ ಅಂದಳು.

ಕಾಕಾ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಅವರು ನಿಜವಾಗಿ ನಂಬಿದ್ದಾರೆ. ಅವರ ನೆನಪೇ ಸರಿ ಇರಬಹುದು. ‘ಖರೇ ಮಾತಿಗೆ ಒಂದು ಸಾಕ್ಷಿ ಸಿಕ್ಕರ ಪಾಪ ಏನ್ ಬಂತೋ?’ ಅಂತ ಕೇಳಿದರು. ಈ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಯಾಕಂದ್ರೆ ಅಂದಾಜಿನ ತಾರೀಖು ನಮಗೆ ಹೊಸದಲ್ಲ. ನಮ್ಮ ಕಡೆ ಹಿರಿಯರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದವರು ಎಣಿಸಿ ನೋಡಿ! ಸಾಲೆಗೆ ಹೆಸರು ಹಚ್ಚುವಾಗ ಮಾಸ್ತರು ಬರೆದ ತಾರೀಖು ಅದು. ಅದೇ ಲೆಕ್ಕದಲ್ಲಿ ಅವರು ನೌಕರಿ ಮಾಡಿ ಮೇ 31ಕ್ಕೆ ರಿಟೈರ್ ಆದರು. ಆ ಮಾಸ್ತರನ್ನು ಸುಳ್ಳುಗಾರ ಅಂತ ಯಾರೂ ಅನ್ನೋದಿಲ್ಲ.

ಹಾಗಾದರೆ ನಾನು ಮಾಡಿದ್ದರಲ್ಲಿ ತಪ್ಪೇನು? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಜೂನ್ 1 ಅಂದ ಕೂಡಲೇ ಅದು ಮಾಸ್ತರ ಅಂದಾಜು ಅಂತ ಊರಿಗೆಲ್ಲ ಗೊತ್ತು, ಕೇಳಿದವರು ನಗುತ್ತಾರೆ. ನನ್ನ ಜನವರಿ 1 ಎಲ್ಲಿಂದ ಬಂತು ಅಂತ ಆ ಫೈಲಿನಲ್ಲಿ ಎಲ್ಲಿಯೂ ಇಲ್ಲ. ಅಂದಾಜು ಮಾಡೋದು ತಪ್ಪಲ್ಲ. ಅಂದಾಜು ಅನ್ನೋದನ್ನು ಅಳಿಸಿಬಿಡೋದು ತಪ್ಪು. ಕಾಕಾ ತಾವೇ ಎದ್ದು ನಿಂತು ‘ಎಪ್ಪತ್ನಾಲ್ಕು’ ಅಂದರೆ ಎದುರಿನ ವಕೀಲರು ನಾಲ್ಕು ಪ್ರಶ್ನೆ ಕೇಳಬಹುದು, ಅವ್ವನನ್ನೂ ಕರೆಸಬಹುದು. ಕಂಪ್ಯೂಟರನ್ನು ‘ಆ ಮದುವೆಗೆ ನೀನು ಬಂದಿದ್ದೆಯಾ?’ ಅಂತ ಯಾರು ಕೇಳುತ್ತಾರೆ? ಮನುಷ್ಯನ ಮಾತು ಯಂತ್ರದ ಬಾಯಿಂದ ಬಂದರೆ ಎದುರಿನವನ ಪ್ರಶ್ನೆ ಕೇಳುವ ಹಕ್ಕೇ ಹೋಗುತ್ತದೆ. ಮಾತು ನಿಜವಾಗಿದ್ದರೂ ಆ ಅನ್ಯಾಯ ಅನ್ಯಾಯವೇ.

ಇನ್ನೊಂದು ವಿಷಯ. ನಿಯಮ ಮಾಡಿದವರು ನಮಗಿಂತ ಪ್ರಾಮಾಣಿಕರು. ತಾರೀಖು ಗೊತ್ತಿಲ್ಲದಿದ್ದರೆ ಖಾಲಿ ಬಿಡಿ ಅಂತ ಎಕ್ಸಿಫ್ ನಿಯಮದಲ್ಲೇ ಇದೆ. 2001ರಲ್ಲಿ ಬಂದ ಎಕ್ಸ್‌ಎಂಪಿ ಅನ್ನೋ ಪದ್ಧತಿಯಲ್ಲಿ ಬರೀ ವರ್ಷ ಬರೆದರೂ ನಡೆಯುತ್ತದೆ. ‘ಸುಮಾರು 1974’ ಅನ್ನೋಕೆ ವರ್ಷದ ಮುಂದೆ ಒಂದು ಅಲೆಗೆರೆ ಹಾಕುವ ಪದ್ಧತಿಯನ್ನು 2019ರ ಐಎಸ್‌ಒ ಮಾನದಂಡವೂ ಒಪ್ಪಿದೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ಸಾಫ್ಟ್‌ವೇರ್ ಅಂತೂ ನೀವು ಏನೇ ತಿದ್ದಿದರೂ, ಬೇಡ ಅನ್ನದ ಹೊರತು, ಹಳೆಯ ಫೈಲನ್ನು ‘ಒರಿಜಿನಲ್’ ಅಂತ ಹೆಸರು ಹಚ್ಚಿ ಪಕ್ಕಕ್ಕೆ ಇಡುತ್ತದೆ. ಇಷ್ಟೆಲ್ಲ ಇದ್ದರೂ ನಾನು ಬಳಸಿದ ಕಿಟಕಿಯಲ್ಲಿ ‘ಗೊತ್ತಿಲ್ಲ’ ಅನ್ನೋ ಗುಂಡಿ ಇರಲಿಲ್ಲ. ಸಾವಿರ ಫೋಟೋ ಒಂದು ನಿಮಿಷದಲ್ಲಿ ತಿದ್ದುವ ಸುಧಾರಣೆ ಸಾಕು. ‘ಸುಮಾರು’ ಅನ್ನೋಕೆ ಒಂದು ಮನೆ, ‘ಯಾರು ಹೇಳಿದ್ದು’ ಅನ್ನೋಕೆ ಇನ್ನೊಂದು ಮನೆ, ಇವೆರಡು ಬೇಕು.

ಅದು ಬರುವ ತನಕ ಕಾಯೋಕೆ ಆಗಲಿಲ್ಲ. ಶಿಗ್ಗಾವಿಗೆ ಹೋಗಿ, ಆ ತಾರೀಖು ನನ್ನ ಕೈಯಿಂದ ಬಿದ್ದದ್ದು ಅಂತ ವಕೀಲರಿಗೆ ಹೇಳಿ ಬಂದೆ. ಅವರು ಪ್ರಿಂಟನ್ನು ಕಡತದಿಂದ ತೆಗೆದು ನನ್ನ ಕೈಗೇ ಕೊಟ್ಟರು. ಆಮೇಲೆ ಎಲ್ಲ ಫೋಟೋಗಳನ್ನೂ ಮತ್ತೆ ತೆರೆದೆ. ಗೊತ್ತಿಲ್ಲದ ತಾರೀಖುಗಳನ್ನು ಅಳಿಸಿದೆ. ಅತ್ತೆಯ ಮದುವೆ ಫೋಟೋದ ವಿವರಣೆಯಲ್ಲಿ ಹೀಗೆ ಬರೆದೆ: ‘ಸುಮಾರು 1974ರಿಂದ 76. ಕಾಕಾ 74 ಅಂತಾರೆ, ಅವ್ವ 76 ಅಂತಾಳೆ. ಊರು ದುಂಡಸಿ, ಆಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ.’

ಗೋಡೆಯ ಜಗಳ ಇನ್ನೂ ಮುಗಿದಿಲ್ಲ. ದೀಪಾವಳಿಗೆ ಕಾಕಾ ನಮ್ಮ ಮನೆಗೆ ಬರಲಿಲ್ಲ. ‘ಒಂದು ತಾರೀಖಿನ ಸಲುವಾಗಿ ಮನಿತನ ಕಳಕೊಂಡೆಲ್ಲೋ’ ಅಂತ ಅವ್ವ ಬೈದಳು. ಬೈದು, ಕಾಕಾನ ಪಾಲಿನ ಕರ್ಚಿಕಾಯಿ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ತಗೊಂಡು ಹೋದೆ. ಕಾಕಾ ಡಬ್ಬಿ ಇಸಕೊಂಡರು, ಮಾತಾಡಲಿಲ್ಲ.