ಅಗಲಿಕೆಯೂ ದಾಂಪತ್ಯವೂ

ದಾಂಪತ್ಯವು ಒಂದು ವಚನವೆಂಬುದನ್ನು ಎಲ್ಲ ದೇಶದವರೂ ಒಪ್ಪುತ್ತಾರೆ. ಆದರೆ ಆ ವಚನವನ್ನು ಕೊಟ್ಟದ್ದು ಯಾರಿಗೆ ಎಂಬ ಪ್ರಶ್ನೆಯು ಸುಖದ ದಿನಗಳಲ್ಲಿ ಏಳುವುದಿಲ್ಲ. ಗಂಡಹೆಂಡಿರು ಒಂದೇ ಒಲೆಯ ಅಡಿಗೆಯನ್ನುಂಡು, ಒಬ್ಬರ ಕಣ್ಣೆದುರಿಗೆ ಒಬ್ಬರು ದಿನದಿನಕ್ಕೂ ಬದಲಾಗುತ್ತಿರುವಾಗ ಆ ಬದಲಾವಣೆಯು ಗೋಚರವಾಗದು. ಬಹುಕಾಲ ಅಗಲಿದ್ದು ಮರಳಿ ಕೂಡಿದಾಗ ಮಾತ್ರ ಅದು ಎದುರಿಗೆ ಬಂದು ನಿಲ್ಲುತ್ತದೆ. ಹೋದವನೂ ಬಂದವನೂ ಒಬ್ಬನೇ ಏನು? ಕಳುಹಿಸಿದವಳೂ ಎದುರುಗೊಂಡವಳೂ ಒಬ್ಬಳೇ ಏನು? ಅಲ್ಲವಾದರೆ ಹಿಂದಿನ ವಚನವು ಯಾರನ್ನು ಕಟ್ಟುತ್ತದೆ?

ಪ್ರಾಚೀನ ಕವಿಗಳಿಗೆ ಈ ಸಂದೇಹವು ಹೆಚ್ಚಾಗಿ ಬಾಧಿಸಿದಂತೆ ತೋರದು. ಕಾರ್ಕೋಟಕನ ವಿಷದಿಂದ ನಳನ ರೂಪವು ಕೆಟ್ಟಿತ್ತು. ಆದರೂ ಬಾಹುಕನು ಮಾಡಿದ ಪಾಕದ ರುಚಿಯಿಂದ ದಮಯಂತಿ ಅವನನ್ನು ಗುರುತಿಸಿದಳು. ಗ್ರೀಕರ ಒಡಿಸ್ಯೂಸನು ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಬಂದಾಗ, ಬೇರುಸಹಿತ ನಿಂತ ಆಲಿವ್ ಮರದಿಂದ ತಾನು ಮಾಡಿದ ಮಂಚದ ಗುಟ್ಟನ್ನು ಹೇಳಿ ಪೆನೆಲೊಪೆಯ ನಂಬಿಕೆಯನ್ನು ಪಡೆದನು. ಹೊರಗಿನ ರೂಪ ಕೆಟ್ಟರೂ ಒಳಗಿನ ಮನುಷ್ಯನು ಕೆಡಲಿಲ್ಲ. ಗುರುತು ಸಿಕ್ಕಿತು, ಕಥೆ ಮುಗಿಯಿತು.

ಎರಡನೆಯ ಮಹಾಯುದ್ಧವು ಮುಗಿದ ಜರ್ಮನಿಯಲ್ಲಿ ಗುರುತು ಇಷ್ಟು ಸುಲಭವಾಗಿ ಸಿಕ್ಕಲಿಲ್ಲ. ೧೯೪೬ರ ಜನಗಣತಿಯಲ್ಲಿ ಆ ದೇಶದ ಹೆಂಗಸರ ಸಂಖ್ಯೆಯು ಗಂಡಸರದಕ್ಕಿಂತ ಎಪ್ಪತ್ತು ಲಕ್ಷಕ್ಕೂ ಮಿಗಿಲಾಗಿ ಕಂಡಿತು. ಸತ್ತವರು ಅಸಂಖ್ಯ, ಸತ್ತರೋ ಬದುಕಿರುವರೋ ತಿಳಿಯದವರೂ ಅಸಂಖ್ಯ. ರಷ್ಯದಲ್ಲಿ ಸೆರೆಯಾಗಿದ್ದವರ ಪೈಕಿ ಕಟ್ಟಕಡೆಯ ಸುಮಾರು ಹತ್ತು ಸಾವಿರ ಮಂದಿ ಮನೆ ಸೇರಿದ್ದು, ೧೯೫೫ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಆಡೆನೌವರ್ ಮಾಸ್ಕೋವಿಗೆ ಹೋಗಿ ಬಂದ ಬಳಿಕ. ವೋಲ್ಫ್‌ಗಾಂಗ್ ಬೋರ್ಶರ್ಟನು ಬರೆದು, ೧೯೪೭ರಲ್ಲಿ ಮೊದಲು ಆಕಾಶವಾಣಿಯಲ್ಲಿಯೂ ಅನಂತರ ಹ್ಯಾಂಬುರ್ಗಿನ ರಂಗದ ಮೇಲೆಯೂ ಬಂದ ನಾಟಕದಲ್ಲಿ ಬೆಕ್‌ಮನ್ನನೆಂಬ ಸೈನಿಕನು ಮೂರು ವರ್ಷಗಳ ಸೆರೆಯಿಂದ ಮರಳುತ್ತಾನೆ. ಮನೆಯಲ್ಲಿ ಬೇರೊಬ್ಬನಿದ್ದಾನೆ. ಹೆಂಡತಿಯು ಅವನನ್ನು ಬರಿಯ ಮನೆತನದ ಹೆಸರಿನಿಂದ ಕರೆಯುತ್ತಾಳೆ, ಯಾವುದೋ ಒಂದು ವಸ್ತುವನ್ನು ಹೆಸರಿಸಿದಂತೆ. ಗುರುತಿದೆ, ಪರಿಚಯವಿಲ್ಲ.

ಇದೇ ಪ್ರಶ್ನೆಯನ್ನು ಇನ್ನೂ ಆಳವಾಗಿ ಶೋಧಿಸಿದ್ದು ರೈನರ್ ವೆರ್ನರ್ ಫಾಸ್‌ಬಿಂಡರನು ನಿರ್ದೇಶಿಸಿ ೧೯೭೯ರಲ್ಲಿ ಬರ್ಲಿನಿನ ಚಿತ್ರೋತ್ಸವದಲ್ಲಿ ತೋರಿಸಿದ "ಮರೀಯಾ ಬ್ರೌನಳ ದಾಂಪತ್ಯ" ಎಂಬ ಚಲಚ್ಚಿತ್ರ. ೧೯೪೩ರಲ್ಲಿ ಬಾಂಬುಗಳು ಬೀಳುತ್ತಿರುವಾಗಲೇ ಮರೀಯಾ ಮತ್ತು ಹೆರ್ಮನ್ನರ ವಿವಾಹವು ನೋಂದಣಿಯಾಗುತ್ತದೆ. ಅರ್ಧ ಹಗಲು, ಒಂದು ಇರುಳು — ಅವರ ಸಹಜೀವನವೆಂದರೆ ಅಷ್ಟೇ. ಗಂಡನು ಯುದ್ಧರಂಗಕ್ಕೆ ಹೋಗುತ್ತಾನೆ. ಅವಳು ರೈಲು ನಿಲ್ದಾಣದಲ್ಲಿ ಅವನನ್ನು ಹುಡುಕುತ್ತಾಳೆ. ಕಡೆಗೆ ಅವನು ಸತ್ತನೆಂಬ ಸುದ್ದಿ ಬರುತ್ತದೆ. ಹೊಟ್ಟೆಪಾಡಿಗಾಗಿ ಅಮೇರಿಕದ ಸೈನಿಕರ ಪಾನಗೃಹದಲ್ಲಿ ಕೆಲಸಕ್ಕೆ ನಿಂತವಳಿಗೆ ಬಿಲ್ ಎಂಬ ಒಳ್ಳೆಯ ಮನಸ್ಸಿನ ನೀಗ್ರೋ ಸೈನಿಕನ ಸ್ನೇಹ ದೊರೆಯುತ್ತದೆ. ಒಂದು ದಿನ, ಅವರಿಬ್ಬರೂ ಏಕಾಂತದಲ್ಲಿರುವಾಗ, ಸತ್ತವನೆನಿಸಿದ ಗಂಡನು ಬಾಗಿಲಲ್ಲಿ ನಿಂತಿರುತ್ತಾನೆ. ಆಗಿನ ಗೊಂದಲದಲ್ಲಿ ಮರೀಯಾ ಬೀಸಿದ ಸೀಸೆಯ ಪೆಟ್ಟಿನಿಂದ ಬಿಲ್ ಸಾಯುತ್ತಾನೆ. ನ್ಯಾಯಾಲಯದಲ್ಲಿ ಹೆರ್ಮನ್ನನು ಅಪರಾಧವನ್ನು ತನ್ನ ಮೇಲೆ ಹೊತ್ತುಕೊಂಡು ಸೆರೆಮನೆಗೆ ಹೋಗುತ್ತಾನೆ. ಒಂದು ಅಗಲಿಕೆ ಮುಗಿಯುವ ಮೊದಲೇ ಇನ್ನೊಂದು ಅಗಲಿಕೆ.

ಅನಂತರ ಮರೀಯಾ ಓಸ್ವಾಲ್ಡನೆಂಬ ಜವಳಿ ಗಿರಣಿಯ ಧನಿಕನಲ್ಲಿ ಉದ್ಯೋಗಕ್ಕೆ ಸೇರಿ, ಅವನ ಪ್ರೇಯಸಿಯೂ ಆಗಿ, ತನ್ನ ಬುದ್ಧಿಬಲದಿಂದ ಸಂಪತ್ತನ್ನು ಗಳಿಸುತ್ತಾಳೆ. ಅವಳನ್ನು ಜಾರಿಣಿಯೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವುದು ಸುಲಭ. ಆದರೆ ಗಮನಿಸಬೇಕಾದ ಅಂಶವೊಂದಿದೆ: ಈ ವಿಷಯವನ್ನು ಅವಳು ಯಾರಿಂದಲೂ ಮುಚ್ಚಿಡುವುದಿಲ್ಲ. ಸೆರೆಮನೆಗೆ ಹೋಗಿ ಗಂಡನಿಗೆ ತಾನೇ ಹೇಳುತ್ತಾಳೆ. ತಾನು ವಿವಾಹಿತೆ, ಗಂಡನನ್ನೇ ಪ್ರೀತಿಸುವವಳು ಎಂಬ ನಿಷ್ಠೆಯನ್ನೂ ಬಿಡುವುದಿಲ್ಲ. ಮುಚ್ಚಿಟ್ಟವರು ಇಬ್ಬರು ಗಂಡಸರು. ಆಯುಷ್ಯವು ಮುಗಿಯುತ್ತ ಬಂದ ಓಸ್ವಾಲ್ಡನು ಸೆರೆಮನೆಯಲ್ಲಿ ಹೆರ್ಮನ್ನನನ್ನು ಕಂಡು ಒಂದು ಕರಾರು ಮಾಡಿಕೊಳ್ಳುತ್ತಾನೆ: ತಾನು ಬದುಕಿರುವವರೆಗೆ ಮರೀಯಾ ತನಗಿರಲಿ, ಹೆರ್ಮನ್ನನು ದೂರವಿರಲಿ, ತರುವಾಯ ಆಸ್ತಿಯು ಆ ದಂಪತಿಗಳಿಗೆ ಬರಲಿ. ಹೆರ್ಮನ್ನನು ಬಿಡುಗಡೆಯಾದೊಡನೆ ಕೆನಡಕ್ಕೆ ಹೊರಟುಹೋಗುತ್ತಾನೆ. ತಿಂಗಳಿಗೊಂದು ಗುಲಾಬಿ ಹೂವು ಮಾತ್ರ ಬರುತ್ತದೆ. ೧೯೫೪ರ ಜುಲೈ ೪ರಂದು, ಜರ್ಮನಿಯು ಹಂಗೆರಿಯನ್ನು ಸೋಲಿಸಿ ವಿಶ್ವದ ಕಾಲ್ಚೆಂಡಿನ ಕಪ್ಪನ್ನು ಗೆದ್ದ ದಿನ, ಗಂಡಹೆಂಡಿರು ಕೊನೆಗೂ ಒಂದೇ ಮನೆಯಲ್ಲಿದ್ದಾರೆ. ಮರಣಶಾಸನವನ್ನು ಓದಿದಾಗ ಕರಾರು ಬಯಲಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ, ತೆರೆದೇ ಬಿಟ್ಟಿದ್ದ ಅನಿಲದ ಒಲೆಯು ಸಿಡಿದು ಮನೆಯೇ ನಾಶವಾಗುತ್ತದೆ. ಅದು ಮರೆವೋ ಸಂಕಲ್ಪವೋ, ಚಿತ್ರವು ಖಚಿತವಾಗಿ ಹೇಳುವುದಿಲ್ಲ.

ಇಲ್ಲಿ ದೋಷವು ಯಾರದು? ಹೆರ್ಮನ್ನನು ಕ್ರೂರಿಯಲ್ಲ; ಅವನು ತ್ಯಾಗಿ. ಆದರೆ ಅವನ ಎರಡು ಕಾರ್ಯಗಳಿಗೂ ಒಂದು ಸಾಮ್ಯವಿದೆ. ನ್ಯಾಯಾಲಯದಲ್ಲಿ ಅಪರಾಧವನ್ನು ಹೊತ್ತಾಗಲೂ, ಸೆರೆಮನೆಯಲ್ಲಿ ಕರಾರಿಗೆ ಒಪ್ಪಿದಾಗಲೂ, ಅವನು ಅವಳನ್ನು ಕೇಳಲಿಲ್ಲ. ಮೊದಲನೆಯದು ತ್ಯಾಗವೆನಿಸಿತು, ಎರಡನೆಯದು ವ್ಯಾಪಾರವೆನಿಸಿತು; ಎರಡರಲ್ಲಿಯೂ ಅವಳ ಬಾಳಿನ ನಿರ್ಣಯವು ಅವಳ ಬೆನ್ನ ಹಿಂದೆ ನಡೆಯಿತು. ಮರೀಯಾಳೂ ನಿರ್ದೋಷಿಯಲ್ಲ. ತಾವಿಬ್ಬರೂ ಕೂಡಿದ ದಿನ ಬಾಳನ್ನು ಆರಂಭಿಸೋಣವೆಂದು ಅವಳು ಬಾಳನ್ನೇ ಮುಂದಕ್ಕೆ ತಳ್ಳುತ್ತ ಹೋದಳು. ಒಂದು ಹಗಲಿರುಳಿನ ನೆನಪನ್ನು ವಿಗ್ರಹದಂತೆ ಕಾಪಾಡಿದಳು. ಆ ವಿಗ್ರಹದ ಹಿಂದೆ ಸೆರೆಮನೆಯಲ್ಲಿ ಮಾಗುತ್ತಿದ್ದ ನಿಜವಾದ ಗಂಡಸನ್ನು ಅರಿಯಲಿಲ್ಲ. ಇಬ್ಬರೂ ಪರಸ್ಪರರಿಗಾಗಿ ಬಹಳ ಕೊಟ್ಟರು. ಆದರೆ ಕೊಟ್ಟದ್ದೆಲ್ಲ ಲೆಕ್ಕದ ಪುಸ್ತಕವನ್ನು ಸೇರಿತೇ ಹೊರತು ಬದುಕನ್ನು ಸೇರಲಿಲ್ಲ.

ಇದಕ್ಕೊಂದು ಆಕ್ಷೇಪವುಂಟು. ಮನುಷ್ಯನು ಬದಲಾಗುತ್ತಾನೆಂದು ವಚನವನ್ನು ಸಡಿಲಿಸಿದರೆ ಯಾವ ವಚನ ತಾನೆ ಉಳಿದೀತು? ಆಕ್ಷೇಪವು ಬಲವಾದದ್ದೇ. ಆದರೆ ಮನುಷ್ಯನು ಬದಲಾಗದಿದ್ದರೆ ವಚನದ ಅಗತ್ಯವೇ ಇರುತ್ತಿರಲಿಲ್ಲ. ಬದಲಾಗುವನೆಂದೇ ಅದನ್ನು ಕೊಡುವುದು. "ನಾನು ಹೀಗೆಯೇ ಇರುವೆನು" ಎಂಬುದು ಯಾರೂ ಸಲ್ಲಿಸಲಾರದ ವಚನ. "ನೀನು ಏನಾಗಿ ಬಂದರೂ ನಿನ್ನನ್ನು ಮತ್ತೆ ಅರಿಯಲು ಯತ್ನಿಸುವೆನು, ನಿನ್ನನ್ನು ಕೇಳದೆ ನಿನ್ನ ಬಾಳನ್ನು ನಿರ್ಣಯಿಸೆನು" ಎಂಬುದು ಸಲ್ಲಿಸಬಹುದಾದ ವಚನ. ಪಾತಿವ್ರತ್ಯದ ಭಾರವನ್ನೆಲ್ಲ ಕಾದವಳ ಮೇಲೆ ಹೊರಿಸಿ, ಹೋದವನ ಕರ್ತವ್ಯವನ್ನು ಕೇಳದೆ ಬಿಡುವ ಸಮಾಜವು ಈ ಎರಡನೆಯ ವಚನವನ್ನು ಮರೆತಿದೆ.

ವಿಚಿತ್ರವೆಂದರೆ, ಆ ಕಾಲದ ಜರ್ಮನ್ ಕಾಯಿದೆಯು ಒಂದು ಸಂದರ್ಭದಲ್ಲಿ ಇದನ್ನು ಅರಿತಿತ್ತು. ಗಂಡನು ಮೃತನೆಂದು ವಿಧಿವತ್ತಾಗಿ ಸಾರಲ್ಪಟ್ಟ ಬಳಿಕ ಹೆಂಡತಿಯು ಮರುಮದುವೆಯಾಗಿ, ಆಮೇಲೆ ಅವನು ಜೀವಂತನಾಗಿ ಬಂದರೆ, ಎರಡನೆಯ ವಿವಾಹವೇ ನಿಲ್ಲುತ್ತಿತ್ತು. ಆದರೆ ಅದನ್ನು ರದ್ದು ಮಾಡಿಸಿಕೊಂಡು ಮೊದಲನೆಯವನ ಬಳಿಗೆ ಹೋಗುವ ಅವಕಾಶವೂ ಅವಳಿಗಿತ್ತು. ಕಾಯಿದೆಯು ಪ್ರೇಮವನ್ನು ಅಳೆಯಲಾರದು. ಕಾದವಳನ್ನು ಕೇಳಬೇಕೆಂಬಷ್ಟನ್ನು ಮಾತ್ರ ಅದು ಒಪ್ಪಿಕೊಂಡಿತು. ಆದರೆ ೧೯೪೯ರ ಸಂವಿಧಾನವು ಸ್ತ್ರೀಪುರುಷರು ಸಮಾನರೆಂದು ಸಾರಿದ ಮೇಲೂ, ಅದಕ್ಕೆ ತಕ್ಕಂತೆ ಸಂಸಾರದ ಕಾಯಿದೆಯನ್ನು ತಿದ್ದಿದ ಶಾಸನವು ಜಾರಿಗೆ ಬರಲು ೧೯೫೮ರವರೆಗೆ ಕಾಯಬೇಕಾಯಿತು.

ದಮಯಂತಿಯ ಕಥೆಯನ್ನು ಮತ್ತೆ ನೆನೆದರೆ ಅಲ್ಲಿಯೂ ಈ ಮರ್ಮವು ಅಡಗಿದೆ. ಬಂದವನು ನಳನೇ ಇರಬಹುದೆಂದು ತೋರಿದರೂ ಅವಳು ಒಡನೆಯೇ ಓಡಿಹೋಗಲಿಲ್ಲ. ದೂತಿಯನ್ನು ಕಳುಹಿಸಿದಳು, ಪಾಕವನ್ನು ರುಚಿ ನೋಡಿದಳು, ಮಕ್ಕಳನ್ನು ಕಂಡಾಗ ಅವನು ಅತ್ತದ್ದನ್ನು ಕೇಳಿದಳು. ಕಡೆಗೆ ಎದುರಿಗೆ ಕರೆಸಿ, ಕಾಡಿನಲ್ಲಿ ತನ್ನನ್ನು ಬಿಟ್ಟುಹೋದದ್ದೇಕೆಂದು ನೇರವಾಗಿ ಕೇಳಿದಳು. ನಳನು ಉತ್ತರ ಕೊಡಬೇಕಾಯಿತು. ಮರೀಯಾಳ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳುವುದಕ್ಕೂ ಉತ್ತರ ಕೊಡುವುದಕ್ಕೂ ಇದ್ದದ್ದು ಒಂದೇ ಮಧ್ಯಾಹ್ನ. ಅದರಲ್ಲಿಯೂ ಮಾತನಾಡಿದ್ದು ಗಂಡಹೆಂಡಿರಲ್ಲ, ಒಂದು ಮರಣಶಾಸನ.