ಮೌನಕ್ಕೆ ಎಷ್ಟು ಅರ್ಥ?

'ಮೌನಂ ಸಮ್ಮತಿ ಲಕ್ಷಣಂ' ಅಂತ ನಮ್ಮೂರಲ್ಲೂ ಹೇಳ್ತಾರೆ. ಅಮೆರಿಕ, ಜರ್ಮನಿಯಲ್ಲಿ ದೊಡ್ಡವರೇ ಆಡುವ ಮಾಡೆಲ್ ರೈಲಿನಲ್ಲಿ ಇದು ಉಲ್ಟಾ.

ಆ ಪುಟ್ಟ ಎಂಜಿನ್ನಿನೊಳಗೆ ಡಿಕೋಡರ್ ಅನ್ನೋ ಚಿಪ್ ಇರುತ್ತೆ. ಪ್ರೋಗ್ರಾಮಿಂಗ್ ಹಳಿಯ ಮೇಲೆ ನಿಲ್ಲಿಸಿ, ಕಂಪ್ಯೂಟರಿನಿಂದ ಅದರ ಸೆಟ್ಟಿಂಗ್ ಓದಬಹುದು. ಆದರೆ ಅದಕ್ಕೆ ಮಾತು ಬರಲ್ಲ. 'ಈ ಬಿಟ್ 1 ತಾನೇ?' ಅಂತ ಕೇಳಿದಾಗ, ಹೌದಾದರೆ ಸುಮಾರು 6 ಮಿಲಿಸೆಕೆಂಡು ಕಾಲ ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ಕರೆಂಟ್ ಎಳೆಯುತ್ತೆ, ಅಷ್ಟೇ. ಇಲ್ಲವಾದರೆ ಸುಮ್ಮನಿರುತ್ತೆ.

ತೊಡಕು ಇಲ್ಲೇ. ಕಾಮ್ ಪೋರ್ಟ್ ನಂಬರ್ ಬದಲಾಗಿದ್ದರೂ, ಬಾಡ್ ರೇಟ್ ತಪ್ಪಿದ್ದರೂ, ಚಕ್ರಕ್ಕೆ ಕೊಳೆ ಮೆತ್ತಿದ್ದರೂ ನಮಗೆ ಸಿಗೋದು ಮೌನವೇ. ಅದಕ್ಕೇ ಇನ್ನೊಂದು ಪ್ರಶ್ನೆ ಬೇಕು: 'ಹಾಗಾದರೆ 0 ತಾನೇ?' ಎರಡಕ್ಕೂ ಉತ್ತರ ಬರದಿದ್ದರೆ ಅದು 'ಇಲ್ಲ' ಅಲ್ಲ. ಪ್ರಶ್ನೆ ತಲುಪಿಲ್ಲ, ಅಥವಾ ಉತ್ತರ ನಮ್ಮವರೆಗೆ ಬಂದಿಲ್ಲ. ಡಿಕೋಡರ್ ಕೆಟ್ಟಿದೆ ಅನ್ನೋ ತೀರ್ಪು ಕೊನೆಗೆ. ಮೊದಲು ನಮ್ಮ ತುದಿಯ ಕೇಬಲ್ಲು, ಪೋರ್ಟು ನೋಡಬೇಕು.

ಮನುಷ್ಯರ ವಿಷಯದಲ್ಲಿ ಆ ಎರಡನೇ ಪ್ರಶ್ನೆಗೆ ನಮಗೆ ಪುರುಸೊತ್ತಿಲ್ಲ. ಮೀಟಿಂಗಿನಲ್ಲಿ ಸುಮ್ಮನಿದ್ದವರು ಒಪ್ಪಿದರು ಅಂತಲೂ, ಮೆಸೇಜಿಗೆ ಉತ್ತರಿಸದವರು ಅಸಡ್ಡೆ ಮಾಡಿದರು ಅಂತಲೂ ತೀರ್ಮಾನಿಸಿಬಿಡ್ತೀವಿ. ಇನ್ನೊಬ್ಬರ ಮೌನಕ್ಕೆ ಅರ್ಥ ಕಟ್ಟುವ ಹಕ್ಕು ಬರೋದು, ಅವರು 'ಹೌದು' ಅನ್ನೋಕೆ ಆಗುವಂಥ ಪ್ರಶ್ನೆಯನ್ನ ಒಮ್ಮೆಯಾದರೂ ಕೇಳಿದ ಮೇಲೆ.